ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಹೊತ್ತೆಷ್ಟು?

ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಅತಿ ಹತ್ತಿರದ ವಾಯುಮಾರ್ಗದ ಅಂತರ ಸುಮಾರು 14,000 ಕಿ.ಮೀ. ಎಲ್ಲಿಯೂ ಇಳಿಯದೆ ಹಾರಿದರೆ 16ರಿಂದ 18 ಗಂಟೆ ಬೇಕು. ದುಬೈ, ಫ್ರಾಂಕ್‌ಫರ್ಟ್ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸುವವರ ಪಯಣ 20 ಗಂಟೆ ದಾಟುವುದು ಸಾಮಾನ್ಯ.

ಗೋಡೆಯ ನಕ್ಷೆಯನ್ನು ನೋಡಿ ಪೆಸಿಫಿಕ್ ಸಾಗರದ ಮೇಲೆ ಅಡ್ಡಗೆರೆ ಎಳೆದವರು ಮೋಸ ಹೋಗುತ್ತಾರೆ. ಶಾಲೆಯ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಬೇಕು. ಅದು ಟಿಬೆಟ್, ಮಂಗೋಲಿಯಾ, ಸೈಬೀರಿಯಾಗಳನ್ನು ಹಾದು, 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಇಳಿಯುತ್ತದೆ.

ಆದರೆ ವಿಮಾನ ಆ ದಾರವನ್ನೇ ಹಿಡಿದು ಹೋಗುವುದಿಲ್ಲ. ಒಳಗಿನ ವಾಯುಒತ್ತಡ ಕುಸಿದರೆ ವಿಮಾನವು ಕೂಡಲೇ 10,000 ಅಡಿಯ ಆಸುಪಾಸಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹೀಗಾಗಿ ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗಲಾಗುತ್ತದೆ. ಇನ್ನು ಗಾಳಿ. ಗಂಟೆಗೆ 900 ಕಿ.ಮೀ. ವೇಗವೆಂದು ಭಾಗಿಸಿದರೆ ಹದಿನೈದೂವರೆ ಗಂಟೆ ಸಾಕು. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಈ ಲೆಕ್ಕವನ್ನು ದಿನಕ್ಕೊಂದು ಬಗೆಯಾಗಿ ತಿದ್ದುತ್ತದೆ. ಬೆನ್ನಿಗೆ ಗಾಳಿ ಸಿಗುವುದಾದರೆ ಪೆಸಿಫಿಕ್ ಮೇಲಿನ ಸುತ್ತುದಾರಿಯೇ ಲಾಭ!

2021ರ ಜನವರಿ 9ರ ರಾತ್ರಿ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನ ಹಾದಿಯಲ್ಲಿ ತಂದು, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಸಿತು. ಈ ಎರಡು ನಗರಗಳ ನಡುವಣ ತಡೆರಹಿತ ಸೇವೆ ಆರಂಭವಾದದ್ದು ಹೀಗೆ. ಧ್ರುವದ ಚಳಿಯಲ್ಲಿ ಇಂಧನದ್ದೂ ಚಿಂತೆಯೇ. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನದ ಘನೀಭವನ ಮಿತಿ ಮೈನಸ್ 40 ಡಿಗ್ರಿ ಸೆಲ್ಸಿಯಸ್. ಭಾರತದಲ್ಲಿ ಬಳಸುವ ಎ-1 ಮಾದರಿಯದು ಮೈನಸ್ 47.

ದಾರಿಯುದ್ದಕ್ಕೂ ತುರ್ತಾಗಿ ಇಳಿಯಲು ನಿಲ್ದಾಣಗಳಿರಬೇಕೆಂಬ ನಿಯಮ ಬರಿಯ ಕಾಗದದ ಮಾತಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ವಿಮಾನವು ಎಂಜಿನ್ ದೋಷದಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. ಬದಲಿ ವಿಮಾನ ಬರುವತನಕ 216 ಪ್ರಯಾಣಿಕರು ಆ ದೂರದ ಊರಿನಲ್ಲೇ ತಂಗಬೇಕಾಯಿತು.

ಗಡಿಯಾರದ ಆಟ ಬೇರೆಯೇ ಇದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಡಿಸೆಂಬರಿನ ಮಧ್ಯಾಹ್ನ 2ಕ್ಕೆ ಬೆಂಗಳೂರಿನಿಂದ ಹೊರಟು 17 ಗಂಟೆ ಹಾರಿದವರು ಅಲ್ಲಿ ಇಳಿಯುವುದು ಅದೇ ದಿನ ಸಂಜೆ ಐದೂವರೆಗೆ. ಮಗ-ಸೊಸೆಯನ್ನು ನೋಡಲು ಹೊರಟ ಹಿರಿಯರು, ಅದರಲ್ಲೂ ಮಧುಮೇಹಿಗಳು, ಮಾತ್ರೆ ಮತ್ತು ಇನ್ಸುಲಿನ್‌ನ ವೇಳೆಯನ್ನು ಮೊದಲೇ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು. ತಡೆರಹಿತ ಸೇವೆಯು ನಡುವೆ ನಿಂತು 2022ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾದದ್ದುಂಟು. ಆದುದರಿಂದ ಟಿಕೆಟ್ ಕೊಳ್ಳುವ ಮುನ್ನ ಆಯಾ ಋತುವಿನ ವೇಳಾಪಟ್ಟಿಯನ್ನು ನೋಡಿಕೊಳ್ಳಬೇಕು.