ಪೂರ್ವಜರ ವೃತ್ತಿನಿರ್ಣಯ: ಕೊಳ್ಳೇಗಾಲ-ಯಳಂದೂರು ಸೀಮೆಯ ದಾಖಲೆಗಳನ್ನು ಕುರಿತು

ಜೈನ ಮನೆತನವೊಂದರ ವಂಶಾವಳಿಯನ್ನು ಜೋಡಿಸುವುದು ಅಷ್ಟೇನೂ ಕಠಿಣವಾದ ಕಾರ್ಯವಲ್ಲ. ಓಲೆಗರಿಗಳ ಅಂತ್ಯದ ಬರೆಹ, ನೋಂಪಿಯ ಉದ್ಯಾಪನೆಯ ಲೆಕ್ಕ, ದಾನಪತ್ರ ಮೊದಲಾದವುಗಳಿಂದ ನಾಲ್ಕಾರು ತಲೆಗಳ ಹೆಸರುಗಳು ದೊರೆಯುತ್ತವೆ. ಆದರೆ ಆ ಹೆಸರಿನ ವ್ಯಕ್ತಿ ಯಾವ ವೃತ್ತಿಯಿಂದ ಜೀವಿಸಿದನೆಂಬ ಪ್ರಶ್ನೆ ಬಂದಾಗ ಸಾಧನಗಳು ಮೌನವಹಿಸುತ್ತವೆ. ಆಗ ಹೆಸರಿನ ಕೊನೆಯಲ್ಲಿರುವ ಪಂಡಿತ, ಉಪಾಧ್ಯಾಯ ಮುಂತಾದ ಪದಗಳನ್ನೇ ವೃತ್ತಿಯೆಂದು ಗ್ರಹಿಸುವ ರೂಢಿಯುಂಟು. ಈ ರೂಢಿ ಎಷ್ಟರಮಟ್ಟಿಗೆ ವಿಶ್ವಸನೀಯವೆಂಬುದನ್ನು ಒಂದೇ ಸೀಮೆಯ ಇಬ್ಬರು ಪ್ರಸಿದ್ಧ ಜೈನರ ನಿದರ್ಶನದಿಂದ ಪರೀಕ್ಷಿಸಬಹುದು.

ಮೊದಲನೆಯವನು ಯಳಂದೂರಿನ ವಿಶಾಲಾಕ್ಷ ಪಂಡಿತ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಈತನು 1677ರಲ್ಲಿ ಶ್ರವಣಬೆಳ್ಗೊಳದ ಗೊಮ್ಮಟಸ್ವಾಮಿಗೆ ಮಹಾಮಸ್ತಕಾಭಿಷೇಕವನ್ನು ಮಾಡಿಸಿದನೆಂದು ಅನಂತಕವಿಯ ಗೊಮ್ಮಟೇಶ್ವರ ಚರಿತೆಯಿಂದ ತಿಳಿದುಬರುತ್ತದೆ. ಇದರಿಂದ ಅವನ ಅಧಿಕಾರ, ಸಂಪತ್ತು, ಧರ್ಮಶ್ರದ್ಧೆಗಳು ಸ್ಪಷ್ಟವಾಗುತ್ತವೆ. ಆದರೆ 'ಪಂಡಿತ' ಎಂಬುದು ಏನನ್ನು ಹೇಳುತ್ತದೆ? ಕನ್ನಡದ ಬಳಕೆಯಲ್ಲಿ ಶಾಸ್ತ್ರಜ್ಞನೂ ಪಂಡಿತ. ನಾಡಿ ನೋಡಿ ಮದ್ದು ಕೊಡುವ ವೈದ್ಯನೂ ಪಂಡಿತ. ಬಸದಿಯ ವಿಧಿವಿಧಾನಗಳನ್ನು ನಡೆಸುವವನಿಗೂ ಆ ಮಾತು ಸಲ್ಲುತ್ತದೆ. ಮಂತ್ರಿಪದವಿ ಅವನು ಪಡೆದ ಅಧಿಕಾರ, ಪಂಡಿತನೆಂಬುದು ಅವನ ಬಿರುದು. ಇವೆರಡರಿಂದ ಮನೆತನದ ಕುಲವೃತ್ತಿಯನ್ನು ನಿರ್ಣಯಿಸಲು ಬಾರದು.

ಎರಡನೆಯವನು ಕನಕಗಿರಿಯೆಂದು ಹೆಸರಾದ ಮಲೆಯೂರಿನ ದೇವಚಂದ್ರ (1770-1841). ರಾಮಕಥಾವತಾರವನ್ನಷ್ಟೇ ಓದಿದವರು ಅವನನ್ನು ಕವಿಯೆಂದು ಗಣಿಸಿ ತೃಪ್ತರಾಗುತ್ತಿದ್ದರು. ಆದರೆ ಅವನದು ಕರಣಿಕರ ಮನೆತನ, ಎಂದರೆ ಊರಿನ ಲೆಕ್ಕಪತ್ರಗಳನ್ನು ಬರೆದಿಡುವ ವಂಶ. 1804ರಲ್ಲಿ ಭೂಮಾಪನದ ಕಾರ್ಯಕ್ಕೆಂದು ಬಂದ ಕರ್ನಲ್ ಮೆಕೆಂಜಿಯು ಸ್ಥಳದ ಪೂರ್ವವೃತ್ತಾಂತವನ್ನು ವಿಚಾರಿಸಿದಾಗ ದೇವಚಂದ್ರನು ಅವನಿಗೆ ನೆರವಾದನು. ಆ ಸಂಪರ್ಕದ ಫಲವೇ ಮುಂದೆ ಮೈಸೂರು ಅರಮನೆಯ ದೇವೀರಮ್ಮಣ್ಣಿಯವರ ಪ್ರೋತ್ಸಾಹದಿಂದ ಪೂರ್ಣಗೊಂಡ ರಾಜಾವಳೀ ಕಥೆ. ಅರಸರ ಪರಂಪರೆ, ಕಾಲಗಣನೆ, ಊರೂರಿನ ಐತಿಹ್ಯ ಇವುಗಳನ್ನು ಬಿಡದೆ ದಾಖಲಿಸುವ ಆ ಗ್ರಂಥದ ಸ್ವಭಾವಕ್ಕೂ ಕರಣಿಕವೃತ್ತಿಗೂ ಸಂಬಂಧವಿದೆಯೆಂದು ಊಹಿಸುವುದು ಅಸಂಗತವಾಗದು. ವೃತ್ತಿಯನ್ನು ಮರೆತರೆ ಗ್ರಂಥದ ಒಂದು ಕೀಲಿಕೈಯನ್ನೇ ಕಳೆದುಕೊಂಡಂತಾಗುತ್ತದೆ.

ಪ್ರಾಚೀನರು ಈ ವಿಷಯದಲ್ಲಿ ಸಂಕೋಚಪಟ್ಟವರಲ್ಲ. ಅಜಿತಪುರಾಣವನ್ನು 993ರಲ್ಲಿ ಮುಗಿಸಿದ ರನ್ನನು ತಾನು ಬಳೆಗಾರರ ಕುಲದವನೆಂಬುದನ್ನು ಮರೆಮಾಚಲಿಲ್ಲ. ಪಂಪನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಶಾಸನದಲ್ಲಿ ತಾಯಿ ಅಬ್ಬಣಬ್ಬೆಯನ್ನು ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳೆಂದು ಹೇಳಿ, ಹೆಸರಿನೊಡನೆಯೇ ವೃತ್ತಿಯನ್ನೂ ಉಳಿಸಿದ್ದಾನೆ. ಪೂರ್ವಜರೆಲ್ಲರನ್ನೂ ಶಾಸ್ತ್ರಪಂಡಿತರನ್ನಾಗಿ ಕಾಣುವ ಹಂಬಲ ತೀರ ಈಚಿನದು.

ಇನ್ನು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಮಾರ್ಗದಲ್ಲಿರುವ ಮಧುವನಹಳ್ಳಿಯಂತಹ ಊರಿನ ಮನೆತನವನ್ನು ಪರಿಶೀಲಿಸುವವರಿಗೆ ಮತ್ತೊಂದು ತೊಡಕುಂಟು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕೊಳ್ಳೇಗಾಲ ಸೀಮೆ ಕಂಪನಿಯ ವಶವಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಮದರಾಸಿನ ಆಡಳಿತದಲ್ಲಿಯೇ ಇದ್ದಿತು. ನೆರೆಯ ಯಳಂದೂರಾದರೋ ಮೈಸೂರು ಸಂಸ್ಥಾನದಲ್ಲಿ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು. ಹೀಗಾಗಿ ಕೆಲವೇ ಹರದಾರಿಗಳ ಅಂತರದಲ್ಲಿದ್ದ ದಾಯಾದಿಗಳ ದಾಖಲೆಗಳು ಬೇರೆ ಬೇರೆ ಆಡಳಿತಗಳ ದಫ್ತರಗಳಿಗೆ ಸೇರಿದವು. ಒಂದೇ ವೃತ್ತಿ ಇಲ್ಲಿ 'ಶಾನುಭೋಗ', ಅಲ್ಲಿ 'ಕರಣಂ' ಎಂದು ಕಾಣಿಸಿಕೊಳ್ಳುತ್ತದೆ. ಪದಭೇದದಿಂದ ವೃತ್ತಿಭೇದವನ್ನು ಕಲ್ಪಿಸಬಾರದು.

ವೃತ್ತಿನಿರ್ಣಯಕ್ಕೆ ಬಲವಾದ ಆಧಾರವೆಂದರೆ ಮಾನ್ಯದ ಭೂಮಿ. ಭೂಮಿಯನ್ನು ಕೊಟ್ಟವರು ಯಾವ ಸೇವೆಗಾಗಿ ಕೊಟ್ಟೆವೆಂಬುದನ್ನು ಸಾಮಾನ್ಯವಾಗಿ ಬರೆದಿರುತ್ತಾರೆ. ಮದರಾಸು ಪ್ರಾಂತದಲ್ಲಿ 1858ರಲ್ಲಿ ಆರಂಭವಾದ ಇನಾಂ ಕಮಿಷನ್ನಿನ ದಾಖಲೆಗಳಲ್ಲಿ ಮೊದಲು ಪಡೆದವನ ಹೆಸರನ್ನೂ ದತ್ತಿಯ ಉದ್ದೇಶವನ್ನೂ ಅಂದಿನ ಅನುಭವದಾರನನ್ನೂ ನಮೂದಿಸುವ ಕ್ರಮವಿತ್ತು. ಬಸದಿಯ ಪೂಜೆಗೆ ಬಿಟ್ಟ ನೆಲ, ಲೆಕ್ಕ ಬರೆಯುವ ಕೆಲಸಕ್ಕೆ ಬಿಟ್ಟ ನೆಲ, ವಿದ್ಯೆಯನ್ನು ಮೆಚ್ಚಿ ಕೊಟ್ಟ ನೆಲ ಇವು ಬೇರೆ ಬೇರೆ. ಮನೆಯ ಐತಿಹ್ಯಕ್ಕೂ ಇಂತಹ ನಮೂದಿಗೂ ವಿರೋಧವುಂಟಾದಲ್ಲಿ ನಮೂದೇ ಹೆಚ್ಚು ಗ್ರಾಹ್ಯ.

ಕಾಲನಿರ್ಣಯದಲ್ಲಿಯೂ ಎಚ್ಚರ ಅವಶ್ಯ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಸಂಪ್ರದಾಯವಿದೆ. ಸಂವತ್ಸರಗಳಾದರೋ 60 ವರ್ಷಕ್ಕೊಮ್ಮೆ ಮರಳುತ್ತವೆ. ಶಕವರ್ಷವಿಲ್ಲದೆ ಕೇವಲ 'ಪ್ರಭವ' ಎಂದಿರುವ ಪತ್ರ 1807ರದೂ ಆಗಬಹುದು, 1867ರದೂ ಆಗಬಹುದು. ತಾತನ ಉದ್ಯೋಗವನ್ನು ಮೊಮ್ಮಗನಿಗೆ ಆರೋಪಿಸುವ ಪ್ರಮಾದ ಇಲ್ಲಿಯೇ ಹುಟ್ಟುತ್ತದೆ. ನಾಣ್ಯದ ಹೆಸರು, ಅಧಿಕಾರಿಯ ಹೆಸರು, ಅಕ್ಷರದ ಮೋಡಿ ಇವುಗಳಿಂದ ಅದನ್ನು ನಿವಾರಿಸಿಕೊಳ್ಳಬೇಕು.

ಗ್ರಂಥಗಳ ಅಂತ್ಯಪ್ರಶಸ್ತಿಯಲ್ಲಿ ಬರೆದವನು, ಬರೆಸಿದವನು, ದಾನವಾಗಿ ಪಡೆದವನು ಎಂಬ ಮೂವರನ್ನು ಪ್ರತ್ಯೇಕಿಸಿ ಗುರುತಿಸಬೇಕು. ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿದಳು, ಅವಳು ಲಿಪಿಕಾರಳಲ್ಲ. ಕರ್ಮಕ್ಷಯಾರ್ಥವಾಗಿ ಒಂದು ಗ್ರಂಥವನ್ನು ಪ್ರತಿಮಾಡಿಕೊಂಡ ಶ್ರಾವಕನೂ ವೃತ್ತಿಯಿಂದ ಲಿಪಿಕಾರನಾಗನು. ಆದರೆ ಅದೇ ಕೈಬರೆಹ ಮನೆಯ ಲೆಕ್ಕದ ಕಡತದಲ್ಲಿಯೂ ವರ್ಷವರ್ಷವೂ ಕಂಡುಬಂದರೆ ಆಗ ಕರಣಿಕನ ಕೈ ಎಂದು ಹೇಳಲು ಅವಕಾಶವುಂಟು. ಓಲೆಯ ಪ್ರಶಸ್ತಿಯನ್ನೂ ಕಡತದ ಲೆಕ್ಕವನ್ನೂ ಜೊತೆಯಲ್ಲಿಟ್ಟು ಓದುವುದರ ಪ್ರಯೋಜನ ಇದೇ.

ದುರ್ದೈವವೆಂದರೆ ಈ ಎರಡರಲ್ಲಿ ಒಂದು ಮಾತ್ರ ಉಳಿಯುತ್ತಿದೆ. ಪುರಾಣ, ಆರಾಧನೆಗಳ ಓಲೆಗಳನ್ನು ಪೂಜ್ಯವೆಂದು ಕಾಪಾಡುವ ಮನೆಗಳಲ್ಲಿ, ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳು ಹಳೆಯ ಲೆಕ್ಕವೆಂಬ ಅನಾದರಕ್ಕೆ ಪಾತ್ರವಾಗಿವೆ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡ ಮೇಲೆ ಅವನ್ನು ಇಟ್ಟುಕೊಳ್ಳುವ ಲೌಕಿಕ ಕಾರಣವೂ ಹೋಯಿತು. ಬಳಪದ ಬರೆಹ ಒಂದು ಒದ್ದೆಬಟ್ಟೆಗೆ ಅಳಿಸಿಹೋಗುವಂಥದು. ಆದ್ದರಿಂದ ಹಸ್ತಪ್ರತಿಗಳನ್ನು ಸಂಗ್ರಹಿಸುವವರು ಸಿದ್ಧಾಂತ, ಕಾವ್ಯಗಳ ಕಟ್ಟುಗಳೊಡನೆ ಈ ಕಡತಗಳನ್ನೂ ಪಟ್ಟಿಮಾಡುವುದು ಅಗತ್ಯ. ಶಾಸ್ತ್ರವನ್ನು ಉಳಿಸಿದವರು ಯಾರು, ಯಾವ ಅನ್ನವನ್ನುಂಡು ಅದನ್ನು ಉಳಿಸಿದರು ಎಂಬುದಕ್ಕೆ ಉತ್ತರ ಆ ಮಸಿಬಟ್ಟೆಯ ಮಡಿಕೆಗಳಲ್ಲಿದೆ.