ಮೂವರ ಸಂವಾದ

ಮೇಳದಲ್ಲಿ ಒಬ್ಬನು ಮುಂದಾಳಾಗಿ ನಿಲ್ಲುವುದೂ ಉಳಿದವರು ಅವನನ್ನು ಹಿಂಬಾಲಿಸುವುದೂ ವಾಡಿಕೆ. ಅಮೆರಿಕದ ಜಾಝ್ ಸಂಗೀತದಲ್ಲಿಯೂ ಪಿಯಾನೋ ಮುಂದಾಗಿ ನುಡಿಯುವಾಗ, ಡಬಲ್ ಬಾಸ್ ಎಂಬ ಆಳೆತ್ತರದ ತಂತಿವಾದ್ಯವು ನಡೆಯನ್ನು ಹಿಡಿದಿರುತ್ತಿತ್ತು. ಡ್ರಮ್ ತಾಳವನ್ನು ಕಾಯುತ್ತಿತ್ತು.

1959ರಲ್ಲಿ ಪಿಯಾನೋವಾದಕ ಬಿಲ್ ಎವಾನ್ಸನು ಕಟ್ಟಿದ ಮೂವರ ಮೇಳವು ಈ ಪದ್ಧತಿಯನ್ನು ಸಡಿಲಿಸಿತು. ಸ್ಕಾಟ್ ಲಫಾರೋನ ಬಾಸ್ ಪಿಯಾನೋವಿನ ಮಾತಿಗೆ ಮರುಮಾತು ಕೊಟ್ಟಿತು. ಪಾಲ್ ಮೋಷಿಯನ್ನನ ಡ್ರಮ್ ಲಯವನ್ನು ಬಡಿದು ಸಾರದೆ ಮೆಲ್ಲನೆ ಸೂಚಿಸಿತು. ಎವಾನ್ಸನಾದರೋ ಗೆಳೆಯರಿಗೆ ಎಡೆಗೊಟ್ಟು, ಅವರ ನುಡಿಗೆ ಕಿವಿಗೊಟ್ಟು ಮುಂದುವರಿದನು.

1961ನೆಯ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಸಂಗೀತಶಾಲೆಯಲ್ಲಿ ಹಗಲು ಎರಡು ಸಲ, ಇರುಳು ಮೂರು ಸಲ ಈ ಮೂವರು ನುಡಿಸಿದರು. ಅಂದಿನ ಧ್ವನಿಮುದ್ರಣದಲ್ಲಿ ಲೋಟಗಳ ಸದ್ದೂ ಜನರ ಮಾತುಕತೆಯೂ ಇಂದಿಗೂ ಕೇಳಿಬರುತ್ತವೆ. ಹನ್ನೊಂದು ದಿನಗಳ ತರುವಾಯ, ಜುಲೈ 6ರಂದು, ಲಫಾರೋ ಕಾರಿನ ಅಪಘಾತದಲ್ಲಿ ಮಡಿದನು. ಅವನಿಗೆ ಆಗಿನ್ನೂ 25 ವರ್ಷ. ಎವಾನ್ಸನು ತಿಂಗಳುಗಟ್ಟಲೆ ಸಭೆಗಳಲ್ಲಿ ನುಡಿಸಲಿಲ್ಲ. ಆ ದಿನದ ಮುದ್ರಣದಿಂದ ಹೊರಟ ಮೊದಲ ತಟ್ಟೆಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಲಫಾರೋ ರಚಿಸಿದ ಕೃತಿಗಳನ್ನೇ ಇರಿಸಲಾಯಿತು.

ಎವಾನ್ಸನು 1980ರಲ್ಲಿ, ಮೋಷಿಯನ್ನನು 2011ರಲ್ಲಿ ತೀರಿಕೊಂಡರು. ಮೂವರೂ ಇಂದಿಲ್ಲ, ಅವರ ಸಂವಾದವಿದೆ. ಮಕ್ಕಳಿಗೆ ನಾವು ಓದುವುದನ್ನು, ಬರೆಯುವುದನ್ನು, ಮಾತನಾಡುವುದನ್ನು ಕಲಿಸುತ್ತೇವೆ. ಇನ್ನೊಬ್ಬನ ಮಾತನ್ನು ಕೇಳಿ ನುಡಿಯುವುದೂ ಒಂದು ವಿದ್ಯೆಯೆಂಬುದನ್ನು ಆ ಭಾನುವಾರದ ಸಂಗೀತವು ಉಪಾಧ್ಯಾಯರಾದ ನಮಗೇ ಕಲಿಸುತ್ತದೆ.