ಪಠ್ಯದ ಸಾಲಿಗೆ ಜಗಳ, ಶಾಸನದ ಸಾಲಿಗೆ ಮೌನ

2022ರ ಬೇಸಿಗೆಯಲ್ಲಿ ಪಠ್ಯಪುಸ್ತಕದ ಗಲಾಟೆ ಎದ್ದಾಗ ಅದರ ಎರಡು ತುದಿಗಳೂ ತುಮಕೂರು ಜಿಲ್ಲೆಯಲ್ಲೇ ಇದ್ದವು. ಹಿಂದಿನ ಪರಿಷ್ಕರಣಾ ಸಮಿತಿಯ ಅಧ್ಯಕ್ಷರಾಗಿದ್ದ ಬರಗೂರು ರಾಮಚಂದ್ರಪ್ಪ ಶಿರಾ ತಾಲ್ಲೂಕಿನವರು. ಆಗ ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ತಿಪಟೂರಿನ ಶಾಸಕರಾಗಿದ್ದರು. ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಹೊಸ ಸಮಿತಿ ತಿದ್ದಿದ ಪುಸ್ತಕಗಳಲ್ಲಿ ಬಸವಣ್ಣನ ಪಾಠ, ಅಂಬೇಡ್ಕರರ ಪ್ರಸ್ತಾಪ, ಕುವೆಂಪು ಅವರ ಚಿತ್ರಣ ಎಲ್ಲವೂ ವಿವಾದಕ್ಕೆ ಸಿಕ್ಕವು. ಇದೇ ಜಿಲ್ಲೆಯ ಕ್ಯಾತ್ಸಂದ್ರದ ಸಿದ್ಧಗಂಗಾ ಮಠದ ಶಿಕ್ಷಣ ಸೇವೆಯ ಮಾತು ಕೈಬಿಟ್ಟುಹೋದದ್ದೂ ಮತ್ತೆ ಸರಿಪಡಿಸಬೇಕಾದ ಪಟ್ಟಿಗೆ ಸೇರಿತು. ಸಮಿತಿ ವಿಸರ್ಜನೆಯಾಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಇನ್ನೊಂದು ಸುತ್ತಿನ ತಿದ್ದುಪಡಿ ಬಂತು.

ಯಾರ ಹೆಸರು ಬಂತು, ಯಾರದ್ದು ಹೋಯಿತು ಎಂಬುದು ಸಣ್ಣ ವಿಷಯವಲ್ಲ. ಆದರೆ ಈ ಜಗಳದ ಅಷ್ಟೂ ದಿನ ಮಗು ಇತಿಹಾಸವನ್ನು ಹೇಗೆ ಕಲಿಯುತ್ತದೆ ಎಂದು ಕೇಳಿದವರು ತೀರಾ ಕಡಿಮೆ.

ನಮ್ಮಲ್ಲಿ ಇತಿಹಾಸ ಸಂಶೋಧನೆಗೆ ದೊಡ್ಡ ಬಲ ಸಿಕ್ಕಿದ್ದು ಶಾಲೆಯ ಬಾಗಿಲಿನಿಂದ. ಬಿ.ಎಲ್. ರೈಸ್ ಮೊದಲು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಅಧಿಕಾರಿ. ಶಾಲೆಗಳ ತನಿಖೆಗೆ ಊರೂರು ಸುತ್ತುವಾಗಲೇ ಅವರ ಕಣ್ಣು ಕಲ್ಲುಗಳ ಮೇಲೆ ಬಿತ್ತು. 1886ರಿಂದ ಅವರು ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಹನ್ನೆರಡನೆಯದು, 1904ರದ್ದು, ಪೂರ್ತಿ ತುಮಕೂರು ಜಿಲ್ಲೆಯದೇ. ದುಃಖದ ಸಂಗತಿ ಏನೆಂದರೆ, ಶಾಸನಗಳು ವಿದ್ವಾಂಸರ ಕಪಾಟಿಗೆ ಹೋದವು, ತರಗತಿಗೆ ಬಂದದ್ದು ರಾಜವಂಶಗಳ ಪಟ್ಟಿ ಮತ್ತು ಯುದ್ಧಗಳ ಇಸವಿ.

1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂದ ಮೇಲೆ ಈ ಪಟ್ಟಿಗೆ ಅಭಿಮಾನದ ಬಣ್ಣ ಬಂತು. ಚೆದುರಿಹೋಗಿದ್ದ ನಾಡನ್ನು ಒಟ್ಟುಗೂಡಿಸಲು ಆ ಅಭಿಮಾನ ಬೇಕಿತ್ತು, ಅದರ ಋಣ ದೊಡ್ಡದು. ಸ್ವಾತಂತ್ರ್ಯದ ನಂತರ, 1952–53ರ ಮುದಲಿಯಾರ್ ಆಯೋಗ ಇತಿಹಾಸ, ಭೂಗೋಳ, ಪೌರನೀತಿಗಳನ್ನು ಸಮಾಜ ಅಧ್ಯಯನ ಎಂದು ಒಟ್ಟಿಗೆ ತಂದಿತು. ಪ್ರಜೆಯನ್ನು ರೂಪಿಸುವುದೇ ಅದರ ಗುರಿ. ಪುಸ್ತಕದ ಹೆಸರು ಬದಲಾಯಿತು. ಗಟ್ಟಿ ಮಾಡಿ ಒಪ್ಪಿಸುವುದು ಬದಲಾಗಲಿಲ್ಲ.

ನಿಜವಾದ ತಿರುವು ಕೊಟ್ಟದ್ದು ಮಧ್ಯಪ್ರದೇಶದ ಏಕಲವ್ಯ ಸಂಸ್ಥೆ. 1980ರ ದಶಕದಲ್ಲಿ ಅದು ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯ ಜನರ ಬದುಕನ್ನೇ ಮುಂದಿಟ್ಟು ಸಮಾಜ ವಿಜ್ಞಾನ ಕಲಿಸಲು ಹೊರಟಿತು. ಯುರೋಪ್ ಕೌನ್ಸಿಲ್ 2001ರಲ್ಲಿ, ಇತಿಹಾಸ ಬೋಧನೆ ಪ್ರಚಾರದ ಸಾಧನವಾಗಬಾರದು, ಒಂದೇ ಘಟನೆಯನ್ನು ಹಲವರ ಕಣ್ಣಿನಿಂದ ನೋಡಿಸಬೇಕು ಎಂದು ಶಿಫಾರಸು ಮಾಡಿತು. 2005ರ ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದಿತು. ಮುಂದೆ ಬಂದ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಮೂಲ ದಾಖಲೆಗಳ ತುಣುಕುಗಳೇ ಪಾಠದೊಳಗೆ ಬಂದವು.

ಕ್ಯಾತ್ಸಂದ್ರದ ಶಾಲೆಗಳಿಗೆ ಇಂಥ ಮೂಲ ಹುಡುಕಲು ದೂರ ಹೋಗಬೇಕಿಲ್ಲ. ಗೂಳೂರಿನ ಬಳಿ ಕೈದಾಳ ಇದೆ. ಅಲ್ಲಿಯ ಚೆನ್ನಕೇಶವ ಗುಡಿ ಎಂದ ಕೂಡಲೇ ಎಲ್ಲರೂ ಹೇಳುವುದು ಶಿಲ್ಪಿ ಜಕಣಾಚಾರಿಯ ಕಥೆ: ಬೇಲೂರಿನ ಮೂರ್ತಿಯಲ್ಲಿ ದೋಷ ತೋರಿಸಿದ ಹುಡುಗ, ಕಲ್ಲೊಳಗಿನ ಕಪ್ಪೆ, ಕಡಿದುಕೊಂಡ ಕೈ, ಕೊನೆಗೆ ಕೈದಾಳದಲ್ಲಿ ಮರಳಿ ಬಂದ ಕೈ. ಆದರೆ ಬೇಲೂರಿನ ಶಿಲ್ಪಗಳ ಮೇಲೆ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಹೆಸರುಗಳು, ಜಕಣಾಚಾರಿಯದ್ದಲ್ಲ. ಇನ್ನು ಕೈದಾಳದ ಶಾಸನ, 1150ರ ಸುಮಾರಿನದು, ಹೊಯ್ಸಳ ಒಂದನೇ ನರಸಿಂಹನ ಸಾಮಂತ ಬಾಚಿಯನ್ನು ಮಾಹೇಶ್ವರ, ಬೌದ್ಧ, ವೈಷ್ಣವ, ಆರ್ಹತ (ಜೈನ) ಎಂಬ ನಾಲ್ಕೂ ಮತಗಳಿಗೆ ಆಸರೆಯಾದವನೆಂದು ಹೊಗಳುತ್ತದೆ. ಅವನು ಶಿವನಿಗೂ ವಿಷ್ಣುವಿಗೂ ಗುಡಿ ಕಟ್ಟಿಸಿದ, ಜಿನಾಲಯವನ್ನೂ ಕಟ್ಟಿಸಿದ.

ಇದನ್ನು ಓದಿಸಿ ಸೌಹಾರ್ದದ ಭಾಷಣ ಮಾಡಿ ಮುಗಿಸಿದರೆ ಅದೂ ಅರೆಪಾಠವೇ. ಹೊಗಳಿಕೆಯನ್ನು ಬರೆಸಿದವರು ಯಾರು ಎಂದು ಮಕ್ಕಳು ಕೇಳಬೇಕು. ಅದರ ಪಕ್ಕದಲ್ಲಿ ಶ್ರವಣಬೆಳಗೊಳದಲ್ಲಿರುವ, ವಿಜಯನಗರದ ಬುಕ್ಕರಾಯನ 1368ರ ಶಾಸನವನ್ನಿಡಬೇಕು: ಅಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಿಜವಾದ ಜಗಳವಿದೆ, ದೂರು ಇದೆ, ರಾಜ ಮುಂದೆ ನಿಂತು ಮಾಡಿಸಿದ ರಾಜಿಯೂ ಇದೆ. ಜಕಣಾಚಾರಿಯ ಕಥೆಯನ್ನು ಸುಳ್ಳೆಂದು ತಳ್ಳಿಹಾಕುವುದೂ ಬೇಡ. ಜನ ಅದನ್ನು ಇಷ್ಟು ಕಾಲ ಏಕೆ ಕಾಪಾಡಿಕೊಂಡು ಬಂದರು ಎಂಬುದೇ ಒಳ್ಳೆಯ ಪ್ರಶ್ನೆ. ಸಿದ್ಧಗಂಗೆಯಲ್ಲಿ ಹತ್ತಾರು ಜಾತಿ, ಹಲವು ಜಿಲ್ಲೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಒಂದೇ ತರಗತಿಯಲ್ಲಿ ಕೂರುತ್ತಾರೆ. ಒಬ್ಬೊಬ್ಬರ ಮನೆಯಲ್ಲಿ ಕೇಳಿಬಂದ ಕಥೆ ಒಂದೊಂದು. ಆ ಕಥೆಗಳನ್ನು ಒಟ್ಟಿಗೆ ಕೂರಿಸಿ ತೂಗಿನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಅಡ್ಡಿ ಇರುವುದು ಪರೀಕ್ಷೆಯಲ್ಲಿ. ಎಸ್ಸೆಸ್ಸೆಲ್ಸಿ ಪತ್ರಿಕೆ ಕಾರಣ, ಪರಿಣಾಮಗಳನ್ನು ಪಟ್ಟಿ ಮಾಡಿಸುತ್ತಿರುವಷ್ಟು ಕಾಲ ಯಾವ ಮೇಷ್ಟ್ರೂ ಮಕ್ಕಳನ್ನು ಕೈದಾಳದ ಕಲ್ಲಿನ ಮುಂದೆ ನಿಲ್ಲಿಸುವ ಧೈರ್ಯ ಮಾಡಲಾರರು, ಸಿಲಬಸ್ ಮುಗಿಸಬೇಕಲ್ಲ! ಮುಂದಿನ ಪರಿಷ್ಕರಣಾ ಸಮಿತಿ ಪಾಠಗಳನ್ನು ಸೇರಿಸುವ, ತೆಗೆಯುವ ಮೊದಲು ಪ್ರಶ್ನೆಪತ್ರಿಕೆಯನ್ನು ಕೈಗೆತ್ತಿಕೊಳ್ಳಲಿ. ಮಕ್ಕಳು ಹಿಂದೆಂದೂ ಓದಿರದ ಒಂದು ಶಾಸನವನ್ನು ಇಂದಿನ ಕನ್ನಡದಲ್ಲಿ ಕೊಟ್ಟು, ಇದನ್ನು ಯಾರು, ಯಾರಿಗಾಗಿ ಬರೆಸಿದರು, ಇದರಲ್ಲಿ ಯಾರ ಮಾತು ಇಲ್ಲ ಎಂದು ಕೇಳುವ ಒಂದೇ ಒಂದು ಪ್ರಶ್ನೆ ಕಡ್ಡಾಯವಾಗಲಿ.